ಹೊಳೆ ನೀರಿಗೆ ಯಾರ ಅಪ್ಪಣೆ?

ಶಿರಸಿಯ ಆಸುಪಾಸಿನ ಗುಡ್ಡದ ನೆತ್ತಿಯ ಮೇಲೆ ಆಷಾಢದಲ್ಲಿ ಒಟ್ಟೊಟ್ಟಿಗೇ ಬೀಳುವ ಎರಡು ಮಳೆಹನಿಗಳು ಮತ್ತೆಂದೂ ಭೇಟಿಯಾಗದೇ ಹೋಗಬಹುದು. ಪಶ್ಚಿಮದ ಇಳಿಜಾರಿಗೆ ಉರುಳಿದ ಹನಿ ಅಘನಾಶಿನಿಯನ್ನು ಸೇರಿ, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬಿ ಸಮುದ್ರವನ್ನು ಮುಟ್ಟುತ್ತದೆ. ಪೂರ್ವಕ್ಕೆ ಜಾರಿದ ಹನಿ ಬನವಾಸಿಯ ಕಡೆ ಹೊರಟು ವರದೆಯ ಪಾಲಾಗುತ್ತದೆ. ವರದೆ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ತುಂಗಭದ್ರೆ ಆಂಧ್ರದ ಸಂಗಮೇಶ್ವರದ ಬಳಿ ಕೃಷ್ಣೆಗೆ, ಕೃಷ್ಣೆ ಕೊನೆಗೆ ಬಂಗಾಳ ಕೊಲ್ಲಿಗೆ. ಮೊದಲ ಹನಿಯ ಪಯಣ ಒಂದೇ ಜಿಲ್ಲೆಯೊಳಗೆ ಮುಗಿಯುತ್ತದೆ. ಎರಡನೆಯದು ಕರ್ನಾಟಕ, ತೆಲಂಗಾಣ, ಆಂಧ್ರ ಪ್ರದೇಶ ಹೀಗೆ ಮೂರು ರಾಜ್ಯಗಳ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ.

ಉತ್ತರಕ್ಕೆ ಸರಿದರೆ ಇನ್ನೊಂದು ದಾರಿ. ಸೋಂದೆಯ ಸಹಸ್ರಲಿಂಗದ ಬಳಿ ಹರಿಯುವ ಶಾಲ್ಮಲೆ ಬೇಡ್ತಿಯನ್ನು ಕೂಡುತ್ತಾಳೆ. ಬೇಡ್ತಿ ಯಲ್ಲಾಪುರದ ಮಾಗೋಡಿನಲ್ಲಿ ಕೆಳಗೆ ಹಾರಿ, ಗಂಗಾವಳಿ ಎಂಬ ಹೊಸ ಹೆಸರು ಹೊತ್ತು ಅಂಕೋಲೆಯ ಕರಾವಳಿಗೆ ಇಳಿಯುತ್ತದೆ. ಸಿದ್ದಾಪುರದ ತೆಂಕಣ ಭಾಗದ ನೀರು ಶರಾವತಿಗೆ, ಯಲ್ಲಾಪುರದ ಬಡಗಣ ಭಾಗದ ನೀರು ಕಾಳಿಗೆ. ಮೂರೇ ತಾಲ್ಲೂಕು, ಐದು ನದಿ, ಎರಡು ಸಮುದ್ರ. ಭೂಗೋಳದ ಮೇಷ್ಟರು ‘ಜಲವಿಭಾಜಕ’ ಎಂಬ ಪದವನ್ನು ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

‘ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆಯೇ?’ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಹರಿಯುವ ನೀರನ್ನು ಬೊಗಸೆಯಲ್ಲಿ ಕುಡಿಯುವ ಕಾಲಕ್ಕೆ ಆ ಮಾತು ಸರಿಯೇ. ಆದರೆ ಅಣೆಕಟ್ಟು, ಪಂಪು, ಕಾಲುವೆ, ಸುರಂಗಗಳು ಬಂದ ಮೇಲೆ ಅಪ್ಪಣೆಯ ಪ್ರಶ್ನೆ ಎಲ್ಲ ಕಡೆ ಎದ್ದಿದೆ. ದೇಶದೇಶಗಳ ನಡುವೆ ಹರಿಯುವ ನದಿಗೆ ಒಪ್ಪಂದವಿದೆ. ರಾಜ್ಯರಾಜ್ಯಗಳ ನಡುವೆ ಹರಿಯುವ ನದಿಗೆ ನ್ಯಾಯಮಂಡಳಿ ಇದೆ. ಒಂದೇ ರಾಜ್ಯದೊಳಗೆ ಹುಟ್ಟಿ ಅಲ್ಲೇ ಕಡಲು ಸೇರುವ ಬೇಡ್ತಿಯಂಥ ನದಿಗೆ ಏನಿದೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಜಗತ್ತು ತನ್ನ ಹಂಚಿಕೆಯ ನದಿಗಳನ್ನು ಹೇಗೆ ಸಂಭಾಳಿಸಿದೆ ಎಂದು ನೋಡಿಬರೋಣ.

ಗಡಿ ದಾಟಿದರೆ ಲೆಕ್ಕ

ಇಂದಿನ ವಿದ್ಯಾರ್ಥಿಗಳಿಗೆ ಅಚ್ಚರಿಯಾಗಬಹುದಾದ ಒಂದು ಸಂಗತಿ ಇದೆ. 1862ರಿಂದ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಪಕ್ಕದ ಸಾಗರ, ಸೊರಬ ಮೈಸೂರಿನಲ್ಲಿದ್ದವು. ಅಂದರೆ ಜೋಗದಲ್ಲಿ ಶರಾವತಿಯ ಒಂದು ದಂಡೆ ಮೈಸೂರು, ಇನ್ನೊಂದು ದಂಡೆಯಾದ ಸಿದ್ದಾಪುರ ಮುಂಬಯಿ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಗೆ ಬರುವಷ್ಟರಲ್ಲಿ ಒಂದು ಗಡಿ ದಾಟಿಯಾಗಿರುತ್ತಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಗೆರೆ ಅಳಿಸಿಹೋಯಿತು. ನದಿ ಮಾತ್ರ ಗೆರೆ ಇದ್ದಾಗಲೂ ಹೀಗೇ ಹರಿಯುತ್ತಿತ್ತು, ಅಳಿಸಿದ ಮೇಲೂ ಹೀಗೇ ಹರಿಯುತ್ತಿದೆ.

ಅದೇ ವರ್ಷ ಸಂಸತ್ತು ಅಂತರರಾಜ್ಯ ಜಲವಿವಾದ ಕಾಯ್ದೆಯನ್ನೂ ನದಿ ಮಂಡಳಿಗಳ ಕಾಯ್ದೆಯನ್ನೂ ಅಂಗೀಕರಿಸಿತು. ಮೊದಲನೆಯದು ಜಗಳವಾದ ಮೇಲೆ ತೀರ್ಪು ಕೊಡುವುದಕ್ಕೆ. ಎರಡನೆಯದು ಜಗಳವಾಗುವ ಮೊದಲೇ ಕೂಡಿ ಯೋಜನೆ ಮಾಡುವುದಕ್ಕೆ. ಮೊದಲನೆಯ ಕಾಯ್ದೆಯಡಿ ಕೃಷ್ಣಾ, ಗೋದಾವರಿ, ನರ್ಮದಾ, ಕಾವೇರಿ, ಮಹಾದಾಯಿ ಮುಂತಾದ ನ್ಯಾಯಮಂಡಳಿಗಳು ಬಂದವು. ಎರಡನೆಯ ಕಾಯ್ದೆಯಡಿ ಒಂದೇ ಒಂದು ಮಂಡಳಿಯೂ ರಚನೆಯಾಗಲಿಲ್ಲ. ಜಗಳದ ಅಂಗಡಿಗೆ ಗಿರಾಕಿಗಳು ಬಂದರು, ಸಹಕಾರದ ಅಂಗಡಿಯ ಬಾಗಿಲು ತೆರೆಯಲೇ ಇಲ್ಲ.

ನಮ್ಮ ವರದೆಯ ನೀರು ಕೃಷ್ಣಾ ಜಲಾನಯನದ ಭಾಗ. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ 2060 ಟಿಎಂಸಿ ನೀರು ಭರವಸೆಯಿಂದ ಸಿಗುತ್ತದೆಂದು ಲೆಕ್ಕ ಹಾಕಿತು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರ ಪ್ರದೇಶಕ್ಕೆ 800 ಎಂದು ಹಂಚಿತು. ‘ಭರವಸೆ’ ಎಂದರೆ ಇಲ್ಲಿ ಶೇಕಡಾ 75; ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ಕನಿಷ್ಠ ಇಷ್ಟು ನೀರು ಬಂದೀತು ಎಂಬ ಅಂದಾಜು. ಉಳಿದ ಒಂದು ವರ್ಷದಲ್ಲಿ ಏನು ಗತಿ ಎಂಬಲ್ಲಿಂದಲೇ ಎಲ್ಲ ತಂಟೆ ಶುರುವಾಗುತ್ತದೆ. 2004ರಲ್ಲಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ನ್ಯಾಯಮಂಡಳಿ ಬಂತು. 2010ರಲ್ಲೂ 2013ರಲ್ಲೂ ವರದಿ ಕೊಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಪತ್ರಿಕೆಯಲ್ಲಿ ದಿನಾ ಓದುವ ಈ ‘ಟಿಎಂಸಿ’ ಎಷ್ಟು ನೀರು? ಒಂದು ಸಾವಿರ ದಶಲಕ್ಷ ಘನ ಅಡಿ. ಲೀಟರಿನಲ್ಲಿ ಹೇಳಿದರೆ ಸುಮಾರು 2,832 ಕೋಟಿ. ಇದನ್ನು ನಮ್ಮ ಮಳೆಗೆ ಹೋಲಿಸಿ ನೋಡಿ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಒಂದು ಎಕರೆಯ ಮೇಲೆ ಬೀಳುವ ನೀರು ಹೆಚ್ಚುಕಡಿಮೆ ಒಂದು ಕೋಟಿ ಲೀಟರ್. ಅಂದರೆ ಸುಮಾರು 2,800 ಎಕರೆಯ ಇಡೀ ವರ್ಷದ ಮಳೆ ಒಂದು ಟಿಎಂಸಿ. ನಮ್ಮ ಗುಡ್ಡ, ತೋಟ, ಬೆಟ್ಟಗಳು ಎಷ್ಟು ನೀರನ್ನು ಕೆಳಗಿನವರಿಗೆ ದಾಟಿಸುತ್ತಿವೆ ಎಂಬುದು ಈ ಸಣ್ಣ ಗುಣಾಕಾರದಿಂದ ಮನದಟ್ಟಾಗುತ್ತದೆ.

‘ನಮ್ಮೂರಿನ ನೀರು ನಮ್ಮದೇ’

ಮೇಲಿನವರು ‘ನಮ್ಮಲ್ಲಿ ಬಿದ್ದ ಮಳೆ, ನಮ್ಮ ಇಷ್ಟ’ ಎನ್ನುವುದು, ಕೆಳಗಿನವರು ‘ತಲೆಮಾರುಗಳಿಂದ ಬಳಸುತ್ತಿದ್ದೇವೆ, ಒಂದು ಹನಿ ಕಡಿಮೆಯಾಗಕೂಡದು’ ಎನ್ನುವುದು ಎಲ್ಲ ದೇಶಗಳಲ್ಲೂ ಕೇಳಿಬರುವ ವಾದ. 1895ರಲ್ಲಿ ಅಮೆರಿಕ ಮತ್ತು ಮೆಕ್ಸಿಕೋ ನಡುವೆ ರಿಯೊ ಗ್ರಾಂಡೆ ನದಿಯ ಜಗಳ ಬಂದಾಗ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ಮೊದಲ ವಾದವನ್ನೇ ಹಿಡಿದರು. ತಮ್ಮ ನೆಲದ ಮೇಲಿನ ನೀರನ್ನು ಅಮೆರಿಕ ಏನು ಬೇಕಾದರೂ ಮಾಡಬಹುದು ಎಂಬುದು ಅವರ ಅಭಿಪ್ರಾಯ. ಕಾನೂನಿನ ಪುಸ್ತಕದಲ್ಲಿ ಇದು ‘ಹಾರ್ಮನ್ ಸಿದ್ಧಾಂತ’ ಎಂದೇ ಹೆಸರಾಯಿತು. ತಮಾಷೆಯೆಂದರೆ, 1906ರಲ್ಲಿ ಅದೇ ಅಮೆರಿಕ ಮೆಕ್ಸಿಕೋದೊಡನೆ ಒಪ್ಪಂದ ಮಾಡಿಕೊಂಡು ಪ್ರತಿ ವರ್ಷ ಇಂತಿಷ್ಟು ನೀರು ಬಿಡಲು ಸಮ್ಮತಿಸಿತು. ನೆರೆಮನೆಯೊಂದಿಗೆ ಶಾಶ್ವತ ಜಗಳ ಕಟ್ಟಿಕೊಂಡು ಬದುಕುವುದು ದೊಡ್ಡ ದೇಶಕ್ಕೂ ಕಷ್ಟ.

ಜಗತ್ತಿನಲ್ಲಿ ಒಂದಕ್ಕಿಂತ ಹೆಚ್ಚು ದೇಶಗಳಿಗೆ ಸೇರಿದ ಮುನ್ನೂರಕ್ಕೂ ಹೆಚ್ಚು ನದಿ ಜಲಾನಯನಗಳಿವೆ. ಇವಕ್ಕೆಲ್ಲ ಅನ್ವಯಿಸಬಹುದಾದ ಸಾಮಾನ್ಯ ನಿಯಮಗಳನ್ನು ವಿಶ್ವಸಂಸ್ಥೆ 1997ರ ಮೇ 21ರಂದು ಒಂದು ಒಡಂಬಡಿಕೆಯ ರೂಪದಲ್ಲಿ ಅಂಗೀಕರಿಸಿತು. ಅದು ಜಾರಿಗೆ ಬರಲು 2014ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಮತದಾನದಲ್ಲಿ ಚೀನಾ, ಟರ್ಕಿ, ಬುರುಂಡಿ ವಿರೋಧಿಸಿದವು. ಭಾರತ ಮತ ಹಾಕದೆ ತಟಸ್ಥವಾಗಿ ಉಳಿಯಿತು. ಎಲ್ಲರೂ ಸಹಿ ಹಾಕದಿದ್ದರೂ ಅದರ ಮುಖ್ಯ ತತ್ವಗಳು ಇಂದು ಬಹುತೇಕ ಕಡೆ ಮಾನ್ಯವಾಗಿವೆ. ಒಂದು, ಎಲ್ಲರಿಗೂ ನ್ಯಾಯವೆನಿಸುವ, ಹದವರಿತ ಬಳಕೆ. ಎರಡು, ಪಕ್ಕದವರಿಗೆ ಗಣನೀಯ ಹಾನಿ ಮಾಡದಿರುವುದು. ಮೂರು, ಹೊಸ ಯೋಜನೆ ಕೈಗೊಳ್ಳುವ ಮುನ್ನ ತಿಳಿಸುವುದು, ನೀರಿನ ಅಂಕಿಅಂಶಗಳನ್ನು ಹಂಚಿಕೊಳ್ಳುವುದು.

ಇದು ಜಿನೀವಾದಲ್ಲೋ ನ್ಯೂಯಾರ್ಕಿನಲ್ಲೋ ಹುಟ್ಟಿದ ಜ್ಞಾನವೆಂದು ಭಾವಿಸಬೇಕಿಲ್ಲ. ಮಲೆನಾಡಿನ ಕಣಿವೆಗಳಲ್ಲಿ ಒಂದರ ಕೆಳಗೊಂದು ಅಡಿಕೆ ತೋಟವಿರುತ್ತದೆ. ಮೇಲಿನ ತೋಟದ ಬಸಿಗಾಲುವೆಯ ನೀರೇ ಕೆಳಗಿನ ತೋಟಕ್ಕೆ ಆಸರೆ. ಹಳ್ಳಕ್ಕೆ ಒಡ್ಡು ಹಾಕುವಾಗ ಕೆಳಗಿನವರಿಗೆ ಹೇಳಿ ಹಾಕುವುದು, ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಬಿಡುವುದು, ಅಬ್ಬಿಯ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಮನೆಯಿಂದ ಮನೆಗೆ ದಾಟಿಸುವುದು, ಇವೆಲ್ಲ ಅದೇ ಮೂರು ತತ್ವಗಳ ಹಳ್ಳಿಯ ರೂಪ. ಊರಿನವರು ಒಬ್ಬರ ಮುಖ ಒಬ್ಬರು ದಿನಾ ನೋಡಬೇಕಾದ್ದರಿಂದ ಅಲ್ಲಿ ಕಾಗದಪತ್ರ ಬೇಕಾಗಲಿಲ್ಲ. ನದಿ ದೊಡ್ಡದಾಗಿ, ಮುಖಪರಿಚಯ ತಪ್ಪಿದಲ್ಲಿ ಒಪ್ಪಂದ ಬರೆಯುವ ಅಗತ್ಯ ಬಿತ್ತು.

ಒಪ್ಪಂದಗಳು ಉಳಿದದ್ದು ಹೇಗೆ?

ಭಾರತಕ್ಕೆ ಇಂಥ ಒಪ್ಪಂದಗಳ ಅನುಭವ ಧಾರಾಳವಾಗಿದೆ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಜವಾಹರಲಾಲ್ ನೆಹರೂ ಮತ್ತು ಪಾಕಿಸ್ತಾನದ ಅಯೂಬ್ ಖಾನ್ ಸಿಂಧೂ ಜಲ ಒಪ್ಪಂದಕ್ಕೆ ಸಹಿ ಹಾಕಿದರು. ವಿಶ್ವ ಬ್ಯಾಂಕ್ ನಡುವೆ ನಿಂತು ವರ್ಷಗಟ್ಟಲೆ ಮಾತುಕತೆ ನಡೆಸಿತ್ತು. ಪೂರ್ವದ ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಪಶ್ಚಿಮದ ಸಿಂಧೂ, ಝೀಲಂ, ಚಿನಾಬ್‌ಗಳ ಹೆಚ್ಚಿನ ಪಾಲು ಪಾಕಿಸ್ತಾನಕ್ಕೆ. ಎರಡೂ ದೇಶಗಳ ಒಬ್ಬೊಬ್ಬ ಕಮಿಷನರ್ ಇರುವ ಕಾಯಂ ಆಯೋಗ ರಚನೆಯಾಯಿತು. 1965, 1971, 1999ರಲ್ಲಿ ಯುದ್ಧಗಳಾದರೂ ಒಪ್ಪಂದ ಮುರಿಯಲಿಲ್ಲ. ಕೊನೆಗೆ 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ಉಗ್ರರ ದಾಳಿಯ ಬಳಿಕ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ನೆಲದ ಮೇಲಿನ ವಿಶ್ವಾಸ ಸಂಪೂರ್ಣ ಕುಸಿದರೆ ನೀರಿನ ಒಪ್ಪಂದವೂ ಒಂಟಿಯಾಗಿ ನಿಲ್ಲಲಾರದು ಎಂಬುದಕ್ಕೆ ಇದು ನಿದರ್ಶನ. ಹಾಗೆಯೇ, ಅರುವತ್ತೈದು ವರ್ಷ ಕಾಲ ಬದ್ಧ ವೈರದ ನಡುವೆಯೂ ಲೆಕ್ಕದ ಪುಸ್ತಕ ತೆರೆದಿಡಲು ಸಾಧ್ಯವಾಗಿತ್ತು ಎಂಬುದಕ್ಕೂ.

ಪೂರ್ವದ ಗಡಿಯಲ್ಲಿ ಕನ್ನಡಿಗರೊಬ್ಬರ ಹೆಸರು ಸೇರಿಕೊಂಡಿದೆ. 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಪ್ರಧಾನಿ ಎಚ್.ಡಿ. ದೇವೇಗೌಡರು ಮತ್ತು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಗಂಗಾ ಜಲ ಒಪ್ಪಂದಕ್ಕೆ ಸಹಿ ಮಾಡಿದರು. ಫರಕ್ಕಾ ಬ್ಯಾರೇಜಿನ ಬಳಿ ಜನವರಿಯಿಂದ ಮೇವರೆಗೆ ಹತ್ತು ಹತ್ತು ದಿನಗಳ ಕಂತಿನಲ್ಲಿ ನೀರಿನ ಹಂಚಿಕೆ. ಹರಿವು 70 ಸಾವಿರ ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು. ಹರಿವು ಹೆಚ್ಚಿದಾಗ ಬೇರೆ ಸೂತ್ರ. ಒಪ್ಪಂದದ ಅವಧಿ ಮೂವತ್ತು ವರ್ಷ, ಎಂದರೆ 2026ರ ಡಿಸೆಂಬರ್‌ವರೆಗೆ. ಇಲ್ಲಿ ಗಮನಿಸಬೇಕಾದ ಜಾಣತನವೊಂದಿದೆ. ‘ಇಷ್ಟು ಟಿಎಂಸಿ ಕೊಡತಕ್ಕದ್ದು’ ಎಂದು ಒಂದೇ ಅಂಕಿ ಬರೆದಿಡಲಿಲ್ಲ. ಹೊಳೆ ತುಂಬಿದಾಗ ಹೇಗೆ, ಬಡವಾದಾಗ ಹೇಗೆ ಎಂದು ಬೇರೆ ಬೇರೆಯಾಗಿ ಬರೆದರು. ಎರಡೂ ಕಡೆಯ ಎಂಜಿನಿಯರುಗಳು ಜೊತೆಯಾಗಿ ನಿಂತು ಹರಿವನ್ನು ಅಳೆಯುವ ವ್ಯವಸ್ಥೆಯಾಯಿತು. ಬರಗಾಲದಲ್ಲಿ ಗಲಾಟೆಯಾಗುವುದು ಸಾಮಾನ್ಯವಾಗಿ ಹಂಚಿಕೆಯ ಸೂತ್ರದ ಬಗ್ಗೆ ಅಲ್ಲ, ‘ನಿಮ್ಮ ಲೆಕ್ಕವೇ ಸುಳ್ಳು’ ಎಂಬ ಗುಮಾನಿಯಿಂದ. ಕೂಡಿ ಅಳೆದ ನೀರಿನ ಮೇಲೆ ಆ ಗುಮಾನಿ ಕಡಿಮೆ.

ಯುರೋಪಿನ ರೈನ್ ನದಿಯ ಕಥೆ ಬೇರೆ ಥರದ್ದು. ಅಲ್ಲಿ ನೀರಿಗೆ ಕೊರತೆ ಇರಲಿಲ್ಲ, ಶುದ್ಧಿಗೆ ಕೊರತೆ. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್, ನೆದರ್ಲೆಂಡ್ಸ್ ಕೂಡಿ 1950ರಲ್ಲೇ ಒಂದು ಆಯೋಗ ಮಾಡಿಕೊಂಡಿದ್ದವು. ದಶಕಗಳ ಕಾಲ ಅದರ ಕೆಲಸ ಆಮೆನಡಿಗೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರಿನೊಡನೆ ಕೀಟನಾಶಕಗಳು ನದಿಗಿಳಿದು ರೈನ್ ಕೆಂಪಾಯಿತು. ನೂರಾರು ಕಿಲೋಮೀಟರ್ ದೂರ ಮೀನುಗಳು ಸತ್ತು ತೇಲಿದವು. ಮರುವರ್ಷವೇ ಆ ದೇಶಗಳು ಕ್ರಿಯಾಯೋಜನೆ ರೂಪಿಸಿದವು. ಅದರ ಗುರಿಯನ್ನು ಶಾಲಾ ಮಕ್ಕಳಿಗೂ ಅರ್ಥವಾಗುವಂತೆ ಇಟ್ಟಿದ್ದರು: 2000ದ ಹೊತ್ತಿಗೆ ರೈನ್‌ಗೆ ಸಾಲ್ಮನ್ ಮೀನು ಮರಳಬೇಕು. ಕೊಳಚೆ ಶುದ್ಧೀಕರಣ, ಮೀನು ಹತ್ತಲು ಮೆಟ್ಟಿಲು, ಅಪಾಯವಾದರೆ ಕೆಳಗಿನ ದೇಶಕ್ಕೆ ಕೂಡಲೇ ಸುದ್ದಿ ಮುಟ್ಟಿಸುವ ವ್ಯವಸ್ಥೆ, ಎಲ್ಲ ಬಂದವು. 1990ರ ದಶಕದಲ್ಲಿ ಸಾಲ್ಮನ್ ಮತ್ತೆ ಕಾಣಿಸಿಕೊಂಡಿತು.

ಹೊಸಪೇಟೆಯ ಪಾಠ

ದೂರದ ದೇಶಗಳ ಮಾತು ಸಾಕು. ವರದೆಯ ನೀರು ಹೋಗಿ ನಿಲ್ಲುವ ತುಂಗಭದ್ರಾ ಅಣೆಕಟ್ಟೆಗೇ ಬರೋಣ. ಹೊಸಪೇಟೆಯ ಬಳಿಯ ಈ ಜಲಾಶಯವನ್ನು ನೋಡಿಕೊಳ್ಳಲು 1953ರಲ್ಲಿ ತುಂಗಭದ್ರಾ ಮಂಡಳಿ ಸ್ಥಾಪನೆಯಾಯಿತು. ಅಣೆಕಟ್ಟು ಕರ್ನಾಟಕದಲ್ಲಿದ್ದರೂ ಅದರ ನೀರಿಗೆ ಆಂಧ್ರ ಮತ್ತು ತೆಲಂಗಾಣಗಳೂ ಬಾಧ್ಯಸ್ಥರು. ಎಷ್ಟೇ ಜಟಾಪಟಿಯಿದ್ದರೂ ಯಾರಿಗೆ ಎಷ್ಟು ನೀರು, ಯಾವಾಗ ಎಂಬುದನ್ನು ಒಂದೇ ಮೇಜಿನ ಸುತ್ತ ಕೂತು ತೀರ್ಮಾನಿಸುವ ಪದ್ಧತಿ ಅಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಸರಪಣಿ ತುಂಡಾಗಿ ಕೊಚ್ಚಿಹೋದಾಗ ಮೂರೂ ರಾಜ್ಯಗಳ ರೈತರ ಎದೆ ಒಟ್ಟಿಗೇ ನಡುಗಿತು. ತುಂಬಿದ ಜಲಾಶಯದಿಂದ ನೀರು ಹರಿದು ಹೋಗುತ್ತಿತ್ತು. ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ಉಳಿದ ನೀರನ್ನು ಹಿಡಿಯಲಾಯಿತು. ಆ ವಾರ ಯಾರೂ ನದಿ ಯಾರದೆಂದು ಕೇಳಲಿಲ್ಲ.

ಅದೇ ಜಲಾಶಯ ಮಲೆನಾಡಿಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಕಟ್ಟಿದಾಗ ಅದರ ಹೊಟ್ಟೆ ಸುಮಾರು 133 ಟಿಎಂಸಿ. ಹೂಳು ತುಂಬುತ್ತ ಈಗ ಸುಮಾರು 105ಕ್ಕೆ ಇಳಿದಿದೆ. ಹೂಳು ಎಲ್ಲಿಂದಲೋ ಆಕಾಶದಿಂದ ಬೀಳುವುದಿಲ್ಲ; ಮೇಲಿನ ಜಲಾನಯನದ ಹೊಲ, ಗುಡ್ಡ, ಕಾಡುಗಳಿಂದ ಸವೆದು ಬಂದ ಮಣ್ಣು ಅದು. ಮೇಲೆ ಕಾಡು ಉಳಿಸುವವರು ಕೆಳಗಿನ ರೈತನ ಜಲಾಶಯವನ್ನೂ ಉಳಿಸುತ್ತಾರೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಬಳಿಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ‘ಅಪ್ಪಿಕೋ’ ಚಳವಳಿ ಆರಂಭಿಸಿದಾಗ ಅದನ್ನು ಮರದ ಚಳವಳಿ ಎಂದೇ ಎಲ್ಲರೂ ಕರೆದರು. ನೀರಿನ ಚಳವಳಿ ಎಂದು ಕರೆದಿದ್ದರೂ ತಪ್ಪಾಗುತ್ತಿರಲಿಲ್ಲ.

ಕಾವೇರಿಯ ರಾದ್ಧಾಂತ ನಮಗೆಲ್ಲ ಗೊತ್ತು. 1892 ಮತ್ತು 1924ರ ಒಪ್ಪಂದ, 1990ರ ನ್ಯಾಯಮಂಡಳಿ, 2007ರ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು. ಅಷ್ಟಾಗಿ ಗೊತ್ತಿಲ್ಲದ್ದೆಂದರೆ 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂಬ ಹೆಸರಿನಲ್ಲಿ ಮುಖಾಮುಖಿಯಾದದ್ದು. ಮಂಡ್ಯದ ಕಡೆಯವರಿಗೆ ತಂಜಾವೂರಿನ ಒಣಗಿದ ಗದ್ದೆ, ಅಲ್ಲಿಯವರಿಗೆ ಇಲ್ಲಿಯ ಬರಿದಾದ ಕಾಲುವೆ ಅರ್ಥವಾಗಲಿ ಎಂಬುದು ಉದ್ದೇಶ. ಅದರಿಂದ ವಿವಾದ ಬಗೆಹರಿಯಲಿಲ್ಲ ನಿಜ. ಆದರೆ ಎದುರು ಪಕ್ಷದಲ್ಲಿಯೂ ತನ್ನಂಥದೇ ಸಾಲಗಾರ ರೈತನಿದ್ದಾನೆ ಎಂದು ಕಂಡುಕೊಂಡದ್ದು ಸಣ್ಣ ಲಾಭವೇನಲ್ಲ.

ಮೇಜಿಲ್ಲದ ಬೇಡ್ತಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೇಡ್ತಿ ಯಾವ ರಾಜ್ಯದ ಗಡಿಯನ್ನೂ ದಾಟುವುದಿಲ್ಲ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ, ಹುಬ್ಬಳ್ಳಿ ಕಡೆಯಿಂದ ಬರುವ ಹಳ್ಳ ಎರಡೂ ಕಲಘಟಗಿಯ ಆಸುಪಾಸಿನಲ್ಲಿ ಕೂಡಿ ಯಲ್ಲಾಪುರಕ್ಕೆ ಬರುತ್ತವೆ. ಹೀಗಾಗಿ 1956ರ ಕಾಯ್ದೆ ಇದಕ್ಕೆ ಅನ್ವಯಿಸದು, ನ್ಯಾಯಮಂಡಳಿ ಬಾರದು.

ಆದರೆ ಈ ನದಿಯ ಮೇಲೆ ಕಣ್ಣು ಬಿದ್ದು ಬಹಳ ಕಾಲವಾಯಿತು. 1970ರ ದಶಕದ ಕೊನೆಯಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಪ್ರಸ್ತಾಪ ಬಂದಾಗ ಕಾಡು, ತೋಟಗಳು ಮುಳುಗುವ ಆತಂಕ ಹಬ್ಬಿತು. ಆಗ ಇಲ್ಲಿಯ ಅಡಿಕೆ ಬೆಳೆಗಾರರು ಮಾಡಿದ ಕೆಲಸ ಇಂದಿಗೂ ಮಾದರಿ. ಬರೀ ಘೋಷಣೆ ಕೂಗದೆ, ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯ ಆಶ್ರಯದಲ್ಲಿ 1981ರಲ್ಲಿ ವಿಚಾರಸಂಕಿರಣ ಏರ್ಪಡಿಸಿ ವಿಜ್ಞಾನಿಗಳು, ಎಂಜಿನಿಯರುಗಳು, ಅರ್ಥಶಾಸ್ತ್ರಜ್ಞರನ್ನು ಕರೆಸಿದರು. ಯೋಜನೆಯ ಲಾಭನಷ್ಟವನ್ನು ಅಂಕಿಗಳಲ್ಲೇ ತೂಗಿ ನೋಡಿದರು. ಯೋಜನೆ ಕಡತ ಸೇರಿತು. ಸರ್ಕಾರದ ಲೆಕ್ಕಕ್ಕೆ ರೈತರು ಲೆಕ್ಕದಲ್ಲೇ ಉತ್ತರ ಕೊಟ್ಟ ಅಪರೂಪದ ಸಂದರ್ಭ ಅದು.

ಇನ್ನೊಂದು ಪ್ರಸ್ತಾಪದ ಬೇರು 1980ರ ರಾಷ್ಟ್ರೀಯ ನದಿಜೋಡಣೆ ಯೋಜನೆಯಲ್ಲಿದೆ. ಅದರ ದಕ್ಷಿಣ ಭಾರತದ ಪಟ್ಟಿಯಲ್ಲಿ ಬೇಡ್ತಿ–ವರದಾ ಜೋಡಣೆಯೂ ಸೇರಿತು. ಬೇಡ್ತಿಯ ಉಪನದಿಗಳಾದ ಪಟ್ಟಣದ ಹಳ್ಳ ಮತ್ತು ಶಾಲ್ಮಲೆಗೆ ಅಡ್ಡಗಟ್ಟೆ ಕಟ್ಟಿ, 242 ದಶಲಕ್ಷ ಘನ ಮೀಟರ್, ಎಂದರೆ ಸುಮಾರು 8.5 ಟಿಎಂಸಿ ನೀರನ್ನು ವರದೆಗೆ ತಿರುಗಿಸಿ, ತುಂಗಭದ್ರೆಯ ಮೂಲಕ ರಾಯಚೂರು ಕಡೆಯ ಜಮೀನಿಗೆ ಕೊಡುವುದು ಹಳೆಯ ರೂಪರೇಷೆ. ಮುಂದೆ ಅದರ ಅಳತೆ, ಆಕಾರ ಬದಲಾಗುತ್ತ ಬಂದಿವೆ. ಹಾವೇರಿ, ಗದಗ ಜಿಲ್ಲೆಗಳ ಹೆಸರು ಮುಂದೆ ಬಂದಿದೆ. ಶಿರಸಿ, ಯಲ್ಲಾಪುರಗಳಲ್ಲಿ ವಿರೋಧದ ಸಭೆಗಳಾಗಿವೆ. ಅತ್ತ ಹಾವೇರಿಯಲ್ಲಿ ಯೋಜನೆ ಬೇಕೆಂಬ ಕೂಗು ಎದ್ದಿದೆ.

ಎರಡೂ ಕಡೆಯವರ ಮಾತು ಕೇಳಬೇಕಾದದ್ದು ಇಲ್ಲೇ. ಶಿರಸಿಯ ಮಳೆಯ ಕಾಲುಭಾಗವೂ ಸರಿಯಾಗಿ ಕಾಣದ ಗದಗದ ರೈತನಿಗೆ ‘ನಿಮ್ಮ ಹೊಳೆ ಸುಮ್ಮನೆ ಸಮುದ್ರಕ್ಕೆ ಹೋಗುತ್ತದಲ್ಲ’ ಎನಿಸುವುದು ಸಹಜ. ಅವನ ನೀರಡಿಕೆ ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ಮಾಗೋಡಿನಲ್ಲಿ ಭೋರ್ಗರೆಯುವ ನೀರನ್ನು ನೋಡಿ ವರ್ಷಪೂರ್ತಿಯ ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ. ಫೆಬ್ರವರಿ ದಾಟಿದ ಮೇಲೆ ಮಲೆನಾಡಿನ ಎಷ್ಟೋ ಹಳ್ಳಗಳು ಸೊರಗುತ್ತವೆ. ಇನ್ನು ಸಮುದ್ರ ಸೇರುವ ನೀರೆಲ್ಲ ವ್ಯರ್ಥ ಎಂಬ ಮಾತಿಗೆ ಅಳಿವೆಯ ಜನ ಉತ್ತರ ಕೊಡುತ್ತಾರೆ. ಸಿಹಿನೀರು ಕಡಲ ನೀರಿನೊಡನೆ ಬೆರೆಯುವ ಜಾಗದಲ್ಲೇ ಮೀನಿನ ಮರಿಗಳು ಬೆಳೆಯುತ್ತವೆ, ಸಿಗಡಿ ಸಿಗುತ್ತದೆ, ಬಳಚು ಆರಿಸುವ ಹೆಂಗಸರಿಗೆ ದಿನದ ಕೂಲಿ ಗಿಟ್ಟುತ್ತದೆ. ಪಕ್ಕದ ಅಘನಾಶಿನಿಯ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಮೇಲಿನಿಂದ ಸಿಹಿನೀರು ಬಾರದಿದ್ದರೆ ಉಪ್ಪುನೀರು ಒಳನಾಡಿನ ಬಾವಿಗಳತ್ತ ನುಗ್ಗುತ್ತದೆ.

ಘಟ್ಟದ ಮೇಲಿನವರು ತಾವು ಬರೀ ‘ಮೇಲಿನವರು’ ಎಂದುಕೊಳ್ಳುವಂತೆಯೂ ಇಲ್ಲ. ಅಂಕೋಲೆಗೆ ಯಲ್ಲಾಪುರ ಮೇಲಿನ ಊರು. ಹುಬ್ಬಳ್ಳಿಗೆ ಯಲ್ಲಾಪುರ ಕೆಳಗಿನ ಊರು. ನಗರದ ಕೊಳಚೆ ಬೇಡ್ತಿಗೆ ಸೇರುತ್ತದೆಂಬ ಕೆಳದಂಡೆಯವರ ದೂರು ಹಳೆಯದು. ರೈನ್ ದಂಡೆಯ ಡಚ್ಚರು ಸ್ವಿಸ್ಸರಿಗೆ ಹೇಳಿದ್ದನ್ನೇ ಯಲ್ಲಾಪುರದವರು ಹುಬ್ಬಳ್ಳಿಯವರಿಗೆ ಹೇಳಬೇಕಾಗಿದೆ. ಹಾಗೆಯೇ ಯಲ್ಲಾಪುರದ ಕಳಚೆಯಲ್ಲಿ 2021ರ ಜುಲೈನಲ್ಲಿ ಗುಡ್ಡ ಕುಸಿಯಿತು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜಾರಿ ಗಂಗಾವಳಿಗೇ ಬಂದು ಬಿತ್ತು. ಒಂದೇ ನದಿಯ ಮೇಲೂ ಕೆಳಗೂ ಇಂಥ ಆಪತ್ತು ಬರುತ್ತಿರುವಾಗ ಮಳೆ, ಹರಿವು, ಗುಡ್ಡದ ಸ್ಥಿತಿಗಳ ಸುದ್ದಿ ಮೇಲಿನಿಂದ ಕೆಳಗೆ ತಕ್ಷಣ ತಲುಪಬೇಡವೇ?

ವಿಚಿತ್ರ ನೋಡಿ. ಢಾಕಾದವರೊಂದಿಗೆ ಕೂತು ಗಂಗೆಯನ್ನು ಅಳೆಯಲು ವ್ಯವಸ್ಥೆಯಿದೆ. ಕರ್ನೂಲಿನವರೊಂದಿಗೆ ಕೂತು ತುಂಗಭದ್ರೆಯನ್ನು ಹಂಚಲು ಮಂಡಳಿಯಿದೆ. ಒಂದೇ ಭಾಷೆಯಾಡುವ, ಒಂದೇ ಸರ್ಕಾರಕ್ಕೆ ಕಂದಾಯ ಕಟ್ಟುವ ಕಲಘಟಗಿಯ ರೈತ, ಯಲ್ಲಾಪುರದ ತೋಟಿಗ, ಅಂಕೋಲೆಯ ಮೀನುಗಾರ, ಹಾವೇರಿಯ ಒಕ್ಕಲಿಗ ಕೂಡಿ ಕೂರಲು ಅಂಥ ಮೇಜಿಲ್ಲ. ಗಡಿ ದಾಟಿದ ನದಿಗೆ ಸಿಕ್ಕ ಗೌರವ ಗಡಿಯೊಳಗೆ ಉಳಿದ ನದಿಗೆ ಸಿಕ್ಕಿಲ್ಲ. ಯೋಜನೆ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಬೇಕಾದದ್ದು ಆ ಮೇಜು. ಬೇಸಿಗೆಯ ಹರಿವನ್ನು ಎಲ್ಲರೂ ನಂಬುವಂತೆ ಅಳೆಯುವುದು, ಯೋಜನೆಯ ವರದಿಗಳನ್ನು ಕನ್ನಡದಲ್ಲಿ ಎಲ್ಲ ಪಂಚಾಯಿತಿಗಳಿಗೆ ಮುಂಚೆಯೇ ಕೊಡುವುದು, ಅಳಿವೆಯವರಿಗೂ ಮಾತಾಡಲು ಕುರ್ಚಿ ಹಾಕುವುದು, ಬಯಲುಸೀಮೆಯ ಕೆರೆಗಳ ಹೂಳೆತ್ತಿದರೆ ಎಷ್ಟು ನೀರು ಅಲ್ಲೇ ನಿಂತೀತು ಎಂದು ಅದೇ ಮೇಜಿನ ಮೇಲೆ ಲೆಕ್ಕ ಹಾಕುವುದು. ಇವಿಷ್ಟಕ್ಕೆ ವಿಶ್ವಸಂಸ್ಥೆಯ ಸಹಿ ಬೇಕಾಗಿಲ್ಲ.

ಶಾಲೆಯಿಂದ ಆರಂಭಿಸಬಹುದು

ದೊಡ್ಡವರು ಮೇಜು ಹಾಕುವವರೆಗೆ ವಿದ್ಯಾರ್ಥಿಗಳು ಸುಮ್ಮನೆ ಕೂರಬೇಕಾಗಿಲ್ಲ. ಪಾಲಕರು ಸ್ವಲ್ಪ ಕೈಜೋಡಿಸಿದರೆ ಈ ಕೆಲಸಗಳು ಮನೆಯಿಂದಲೇ ಸಾಧ್ಯ.

ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಗಾಜಿನ ಪಾತ್ರೆಯನ್ನು ಬಯಲಲ್ಲಿಟ್ಟು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಮನೆಯ ಮಾಡಿನ ಅಗಲ ನೂರು ಚದರ ಮೀಟರ್ ಇದ್ದರೆ, ಶಿರಸಿಯಂಥ ಊರಿನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಲೀಟರ್ ನೀರು ಅದರ ಮೇಲಿಂದ ಹರಿದುಹೋಗುತ್ತದೆ.

ದೀಪಾವಳಿಯಿಂದ ಯುಗಾದಿಯವರೆಗೆ ವಾರಕ್ಕೊಮ್ಮೆ ಬಾವಿಯ ಹಗ್ಗಕ್ಕೆ ಗಂಟು ಹಾಕಿ ನೀರು ಎಷ್ಟು ಕೆಳಗಿಳಿಯಿತೆಂದು ಗುರುತು ಮಾಡಿ. ಮನೆಯ ಪಕ್ಕದ ಹಳ್ಳ ಯಾವ ದಿನ ಹರಿಯುವುದನ್ನು ನಿಲ್ಲಿಸಿತು ಎಂದು ಬರೆಯಿರಿ. ಅಜ್ಜ ಅಜ್ಜಿಯರನ್ನು ಕೇಳಿ, ಅವರ ಕಾಲಕ್ಕೆ ಅದು ಯಾವ ತಿಂಗಳವರೆಗೆ ಹರಿಯುತ್ತಿತ್ತೆಂದು ಪಕ್ಕದಲ್ಲೇ ದಾಖಲಿಸಿ. ನಾಲ್ಕಾರು ವರ್ಷ ಹೀಗೆ ಬರೆದ ಪುಸ್ತಕ ಯಾವ ಎಂಜಿನಿಯರನ ಕಚೇರಿಯಲ್ಲೂ ಸಿಗದ ದಾಖಲೆಯಾದೀತು.

ಕೊನೆಯದಾಗಿ, ನಿಮ್ಮ ಮನೆಯ ಬಚ್ಚಲ ನೀರು ಯಾವ ಹಳ್ಳಕ್ಕೆ, ಆ ಹಳ್ಳ ಯಾವ ಹೊಳೆಗೆ, ಹೊಳೆ ಯಾವ ಸಮುದ್ರಕ್ಕೆ ಎಂದು ನಕ್ಷೆ ಬರೆದು ದಾರಿಯ ಊರುಗಳ ಹೆಸರು ಗುರುತಿಸಿ. ಆ ದಾರಿಯ ಕೊನೆಯಲ್ಲಿರುವ ಒಂದು ಶಾಲೆಗೆ, ಅಂಕೋಲೆಯದಾಗಲಿ, ಕುಮಟಾದ್ದಾಗಲಿ, ಹಾವೇರಿಯದಾಗಲಿ, ಒಂದು ಕಾಗದ ಬರೆಯಿರಿ. ‘ನಮ್ಮಲ್ಲಿ ಈ ವರ್ಷ ಇಷ್ಟು ಮಳೆಯಾಯಿತು, ಹಳ್ಳ ಇಂಥ ದಿನ ಬತ್ತಿತು, ನಿಮ್ಮಲ್ಲಿ ಹೇಗಿದೆ?’ ಎಂದು ಕೇಳಿ. ಉತ್ತರ ಬಂದರೆ ತರಗತಿಯಲ್ಲಿ ಎಲ್ಲರ ಮುಂದೆ ಓದಿ. ಜಗತ್ತಿನ ಒಳ್ಳೆಯ ನದಿ ಒಪ್ಪಂದಗಳ ಒಳಗೆ ಇರುವುದೂ ಇಷ್ಟೇ: ನಮ್ಮಲ್ಲಿ ಇಷ್ಟು ನೀರಿದೆ ಎಂಬ ಪ್ರಾಮಾಣಿಕ ಲೆಕ್ಕ, ನಿಮ್ಮಲ್ಲಿ ಹೇಗಿದೆ ಎಂಬ ವಿಚಾರಣೆ.